ಕೊಡುಗೆ ಸಾಕು, ಇನ್ನು ಓದೋಣ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಓದುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ: ಕ್ರಿಸ್‌ಮಸ್ ರಜೆಯಲ್ಲಿ ಓದಲೇಬೇಕಾದ ಹತ್ತು ಪುಸ್ತಕಗಳು. ಮೊದಲ ಹೆಸರು ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’. ಅದರ ಹಿಂದೆ ಓ. ಹೆನ್ರಿ, ಅಗಾಥಾ ಕ್ರಿಸ್ಟಿ, ಇನ್ನೂ ಕೆಲವರು. ಹತ್ತರಲ್ಲಿ ಒಂದೂ ಕನ್ನಡದ್ದಲ್ಲ. ಪಟ್ಟಿ ಕಳಿಸಿದವರು ದಾವಣಗೆರೆಯವರೋ ಹರಿಹರದವರೋ ಆಗಿರುತ್ತಾರೆ. ಪಟ್ಟಿ ಮಾತ್ರ ಲಂಡನ್ನಿನ ಹಿಮದಲ್ಲಿ ನಿಂತಿರುತ್ತದೆ. ಕನ್ನಡದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ಪಟ್ಟಿಯ ಮೇಲೊಂದು ತಕರಾರಿದೆ.

ತಕರಾರು ಡಿಕನ್ಸ್‌ನ ಮೇಲಲ್ಲ. 1843ರ ಡಿಸೆಂಬರ್ 19ರಂದು ಹೊರಬಂದ ಆ ಪುಟ್ಟ ಪುಸ್ತಕದ ಆರು ಸಾವಿರ ಪ್ರತಿಗಳು ಹಬ್ಬದ ಮುನ್ನಾದಿನದ ಹೊತ್ತಿಗೆ ಮುಗಿದಿದ್ದವು. ಸ್ಕ್ರೂಜ್‌ನಂಥ ಜಿಪುಣ ಲೇವಾದೇವಿಗಾರ ನಮ್ಮ ಊರಿಗೇನೂ ಹೊಸಬನಲ್ಲ. ಅವನನ್ನು ಓದಬೇಕು, ಮತ್ತೆ ಮತ್ತೆ ಓದಬೇಕು. ಆದರೆ ಅದೇ 1843ರ ಜುಲೈನಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಆರಂಭಿಸಿದ ಸಂಗತಿ ಕನ್ನಡ ಎಂ.ಎ. ಮಾಡಿದ ಎಲ್ಲರಿಗೂ ಗೊತ್ತು. ಹೇಗೆ ಗೊತ್ತು? ಪರೀಕ್ಷೆಯ ಪ್ರಶ್ನೆಯಾಗಿ. ‘ಕನ್ನಡಕ್ಕೆ ಕ್ರೈಸ್ತ ಮಿಷನರಿಗಳ ಕೊಡುಗೆ: ಟಿಪ್ಪಣಿ ಬರೆಯಿರಿ, ಐದು ಅಂಕ.’

ನನ್ನ ಜಗಳ ಈ ‘ಕೊಡುಗೆ’ ಎಂಬ ಪದದ ಜೊತೆ. ಮೇಲ್ನೋಟಕ್ಕೆ ಅದು ಕೃತಜ್ಞತೆಯ ಮಾತು. ಒಳಗೆ ನೋಡಿದರೆ, ಓದದೆ ಪಕ್ಕಕ್ಕಿಡುವ ಮರ್ಯಾದಸ್ಥ ಉಪಾಯ. ಕೊಟ್ಟದ್ದನ್ನು ಇಸಿದುಕೊಂಡೆವು, ಕೈಮುಗಿದೆವು, ಲೆಕ್ಕ ಚುಕ್ತಾ. ಕೊಟ್ಟವರು ತಮ್ಮ ಬಗ್ಗೆ, ತಮ್ಮ ನಂಬಿಕೆಯ ಬಗ್ಗೆ ಏನು ಹೇಳಿದರು ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಫರ್ಡಿನೆಂಡ್ ಕಿಟೆಲ್‌ನನ್ನೇ ನೋಡಿ. 1894ರ ನಿಘಂಟಿಲ್ಲದೆ ನನ್ನಂಥವರ ಒಂದು ಅಧ್ಯಾಯವೂ ಮುಂದೆ ಹೋಗುವುದಿಲ್ಲ. ನಾಗವರ್ಮನ ‘ಛಂದೋಂಬುಧಿ’ಯನ್ನು ಅವನು ಸಂಪಾದಿಸಿದ್ದೂ ನಮಗೆ ನೆನಪಿದೆ. ಆದರೆ ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನೇ ಕನ್ನಡ ಪದ್ಯಕ್ಕಿಳಿಸಿ ಅವನು ‘ಕಥಾಮಾಲೆ’ ಬರೆದಿದ್ದ. ಜರ್ಮನಿಯಿಂದ ಬಂದವನೊಬ್ಬ ತನಗೆ ಪ್ರಿಯವಾದ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಲು ಹೊರಟದ್ದು ಸಣ್ಣ ಸಾಹಸವಲ್ಲ. ನಿಘಂಟು ಮೇಜಿನ ಮೇಲಿದೆ, ‘ಕಥಾಮಾಲೆ’ ಪಾದಟಿಪ್ಪಣಿಯಲ್ಲಿದೆ.

ಉತ್ತಂಗಿ ಚನ್ನಪ್ಪನವರದೂ ಇದೇ ಕತೆ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದವರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಜೊತೆಗೆ ಕ್ರೈಸ್ತ ಪಾದ್ರಿ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕವನ್ನೂ ಅವರು ಬರೆದರು. ಶೀರ್ಷಿಕೆಯನ್ನು ಇನ್ನೊಮ್ಮೆ ಓದಿ. ಯೇಸು ಹುಟ್ಟಿದ ಊರು ಕಾಶಿಯೊಂದಿಗೆ ಮಾತಿಗೆ ಕೂತಿದೆ, ಅದೂ ಕನ್ನಡದಲ್ಲಿ. ಡಿಸೆಂಬರ್ ಓದಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಆದರೂ ಸರ್ವಜ್ಞನ ಉತ್ತಂಗಿ ನಮಗೆ ಬೇಕಾದವರು, ಬೆತ್ಲೆಹೇಮಿನ ಉತ್ತಂಗಿ ಯಾರಿಗೂ ಬೇಡವಾದವರು.

ನಮ್ಮ ಕಾಲದ ನಾ. ಡಿಸೋಜರಿಗೂ ಇದು ತಪ್ಪಲಿಲ್ಲ. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಬದುಕಿನ ‘ದ್ವೀಪ’ ಎಲ್ಲರ ಬಾಯಲ್ಲಿದೆ, ಸಿನಿಮಾ ಕೂಡ ಆಯಿತು. ಅವರದೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಓದಿದವರು ಎಷ್ಟು ಮಂದಿ? ಮುಳುಗಡೆಯ ನೋವು ಎಲ್ಲರದು, ಇಗರ್ಜಿಯ ಸುತ್ತಲಿನ ಮನೆಗಳು ‘ಅವರದು’ ಎಂದು ನಾವು ಸದ್ದಿಲ್ಲದೆ ಗೆರೆ ಎಳೆದುಬಿಟ್ಟೆವು.

‘ಇವೆಲ್ಲ ಧಾರ್ಮಿಕ ಪುಸ್ತಕಗಳಲ್ಲವೇ, ಸಾಹಿತ್ಯಕ್ಕೇನು ಸಂಬಂಧ?’ ಎಂದು ವಿಚಾರ ಸಂಕಿರಣವೊಂದರಲ್ಲಿ ನನ್ನನ್ನು ಕೇಳಿದವರಿದ್ದಾರೆ. ಪಂಪನ ‘ಆದಿಪುರಾಣ’ ಓದುವಾಗ ಈ ಪ್ರಶ್ನೆ ಏಕೆ ಏಳುವುದಿಲ್ಲ? ವಚನಗಳಿಗೆ ಏಕಿಲ್ಲ? ಜೈನರಾಗದೆಯೇ ತೀರ್ಥಂಕರನ ಕಥೆಗೆ ಕಣ್ಣೀರಾಗುವುದನ್ನು ಕಲಿತವರು ನಾವು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗಿರಲಿಲ್ಲ. ಆದರೂ ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಯ ದಿನದ ಮೇಲೆ ‘ವೈಶಾಖಿ’ ಬರೆದರು. ಅವರಿಗೆ ಅಡ್ಡಬಾರದ ಗೆರೆ ನಮಗೇಕೆ? ‘ಗೊಲ್ಗೊಥಾ’ ಶಿಲುಬೆಯ ಕಾವ್ಯ, ಶುಭ ಶುಕ್ರವಾರಕ್ಕೆ ಸೇರಿದ್ದು ಎನ್ನಬಹುದು. ಇರಲಿ. ಸಾವು ಗೊತ್ತಿಲ್ಲದೆ ಹುಟ್ಟಿನ ಹಬ್ಬ ಅರ್ಥವಾಗುವುದಿಲ್ಲ.

ಇನ್ನು ಹಿಮದ ಮಾತು. ದಾವಣಗೆರೆ ಹತ್ತಿ ಮಿಲ್ಲುಗಳಿಂದ ಹೆಸರಾದ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಇಲ್ಲಿಯೂ ಡಿಸೆಂಬರಿನಲ್ಲಿ ಅಂಗಡಿಯ ಪ್ಲಾಸ್ಟಿಕ್ ಮರಕ್ಕೆ ಹತ್ತಿ ಅಂಟಿಸಿ ಹಿಮ ಎನ್ನುತ್ತಾರೆ. ಹತ್ತಿಯನ್ನು ಹತ್ತಿಯಾಗಿ ನೋಡಲು ನಮಗೇನು ಕಷ್ಟ? ಲೂಕನು ಬರೆದ ಸುವಾರ್ತೆಯ ಎರಡನೇ ಅಧ್ಯಾಯವನ್ನು ಕನ್ನಡದಲ್ಲಿ ಓದಿ ನೋಡಿ. ಅಲ್ಲಿ ಹಿಮವಿಲ್ಲ, ಸಾಂತಾ ಕ್ಲಾಸ್ ಇಲ್ಲ. ಜನಗಣತಿಗೆ ಹೆಸರು ಬರೆಸಲು ದೂರದ ಊರಿಗೆ ಹೊರಟ ಗಂಡ, ತುಂಬು ಗರ್ಭಿಣಿ ಹೆಂಡತಿ, ಇಳಿದುಕೊಳ್ಳಲು ಸಿಗದ ಜಾಗ, ರಾತ್ರಿ ಹೊಲದಲ್ಲಿ ಹಿಂಡು ಕಾಯುವ ಕುರುಬರು. ಕೂಸನ್ನು ಮಲಗಿಸಿದ್ದು ಗೋದಲಿಯಲ್ಲಿ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಗ್ವಾದ್ಲಿ, ದನ ಮೇವು ತಿನ್ನುವ ಜಾಗ. ಆ ಒಂದು ಪದ ಸಾಕು, ಕಥೆ ನಮ್ಮ ಹಟ್ಟಿಗೆ ಬಂದುಬಿಡುತ್ತದೆ. ಹಿಮದ ಪಟ್ಟಿಗಳು ಅದನ್ನು ಮತ್ತೆ ಹಡಗು ಹತ್ತಿಸುತ್ತವೆ.

ಹೊರಗಿನದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಬದುಕಿಗೆ ತಾಗುವುದನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಟಾಲ್‌ಸ್ಟಾಯ್ 1885ರಲ್ಲಿ ಬರೆದ ಕಥೆಯೊಂದರಲ್ಲಿ ಚಮ್ಮಾರ ಮಾರ್ಟಿನ್ ದೇವರಿಗಾಗಿ ಕಾಯುತ್ತಾನೆ. ಬರುವವರು ಚಳಿಯಲ್ಲಿ ದಣಿದ ಮುದುಕ, ಕೂಸನ್ನೆತ್ತಿಕೊಂಡ ಬಡ ಹೆಂಗಸು. ಹರಳಯ್ಯನ ನಾಡಿನವರಿಗೆ, ಮನೆಗೆ ಬಂದ ಜಂಗಮನಲ್ಲಿ ಶಿವನನ್ನು ಕಂಡವರಿಗೆ, ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚೆಕಾಫ್‌ನ ‘ವಾಂಕಾ’ 1886ರದು. ಚಪ್ಪಲಿ ಹೊಲಿಯುವವನ ಬಳಿ ಕೆಲಸಕ್ಕಿದ್ದು ಏಟು ತಿನ್ನುವ ಒಂಬತ್ತು ವರ್ಷದ ಹುಡುಗ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ತಾತನಿಗೆ ಕಾಗದ ಬರೆಯುತ್ತಾನೆ. ವಿಳಾಸದ ಜಾಗದಲ್ಲಿ ಹಳ್ಳಿಯಲ್ಲಿರುವ ತಾತನಿಗೆ ಎಂದಷ್ಟೇ ಬರೆದು ಡಬ್ಬಿಗೆ ಹಾಕುತ್ತಾನೆ. ಅದನ್ನು ಓದಿದ ಮೇಲೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನನ್ನು ನೋಡದಿರಲು ನನಗಾಗಿಲ್ಲ.

ಇಷ್ಟಕ್ಕೆ ಇಷ್ಟು ಸಿಟ್ಟೇಕೆ ಎಂದು ಕೇಳಬಹುದು. ಹರಿಹರಕ್ಕೆ ಹೋಗಿ ನೋಡಿ. ಹರಿ ಹರ ಇಬ್ಬರೂ ಒಂದೇ ವಿಗ್ರಹವಾಗಿ ನಿಂತ 13ನೇ ಶತಮಾನದ ಗುಡಿಯೂ ಆರೋಗ್ಯಮಾತೆಯ ಬೆಸಿಲಿಕವೂ ಒಂದೇ ಊರಿನಲ್ಲಿವೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ಹರಕೆಗೆ ಬೇಕಾದ ಮಾತೆ ಓದಿಗೆ ಬೇಡವಾದಳು. 2008ರ ಸೆಪ್ಟೆಂಬರಿನಲ್ಲಿ ರಾಜ್ಯದಲ್ಲಿ ಚರ್ಚುಗಳ ಮೇಲೆ ದಾಳಿಗಳಾದಾಗ ನಾನಿನ್ನೂ ಶಾಲೆಯ ಹುಡುಗ. ದೊಡ್ಡವರ ಬಾಯಲ್ಲಿ ಕ್ರೈಸ್ತರ ಬಗ್ಗೆ ಆಗ ಇದ್ದದ್ದು ಒಂದೇ ಪದ: ಮತಾಂತರ. ಪಕ್ಕದ ಬೀದಿಯವರ ಬಗ್ಗೆ ಒಂದು ಭಾಷೆಯ ಓದುಗರಿಗೆ ಒಂದೇ ಪದ ಗೊತ್ತಿದ್ದರೆ, ಅದು ಆ ಭಾಷೆಯ ಸಾಹಿತ್ಯ ವಲಯದ ಸೋಲೂ ಹೌದು. ಓದಿದ ಮಾತ್ರಕ್ಕೆ ದ್ವೇಷ ನಿಲ್ಲುತ್ತದೆಂದು ನಂಬುವಷ್ಟು ಮುಗ್ಧ ನಾನಲ್ಲ. ಆದರೆ ಓದದೇ ಇದ್ದದ್ದರಿಂದ ಅದಕ್ಕೆ ದಾರಿ ಸಲೀಸಾಯಿತು.

ಹಬ್ಬಕ್ಕೆ ಓದುವುದು ನಮಗೆ ಹೊರಗಿನಿಂದ ಬಂದ ಚಾಳಿಯೂ ಅಲ್ಲ. ದೀಪಾವಳಿ, ಯುಗಾದಿ ವಿಶೇಷಾಂಕಗಳಿಗೆ ಕಾದು ಕೂತವರ ಮಕ್ಕಳು ನಾವು. ಕನ್ನಡ ವಿಭಾಗಗಳು ಡಿಸೆಂಬರಿನ ಒಂದು ಮಧ್ಯಾಹ್ನ ‘ಕಥಾಮಾಲೆ’ಯ ನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದಿಸಲಿ. ಗ್ರಂಥಾಲಯಗಳು ಉತ್ತಂಗಿಯವರ ಪುಸ್ತಕವನ್ನು ಹುಡುಕಿ ತೆಗೆದು ಧೂಳು ಕೊಡವಲಿ. ‘ಕೊಡುಗೆ’ ಎಂದು ಟಿಪ್ಪಣಿ ಬರೆಸುವ ಮೇಷ್ಟ್ರುಗಳು ಮುಂದಿನ ವರ್ಷ ಪ್ರಶ್ನೆಯನ್ನು ಸ್ವಲ್ಪ ಬದಲಿಸಲಿ: ಇವುಗಳಲ್ಲಿ ಯಾವುದನ್ನು ಓದಿದ್ದೀರಿ, ಏನನ್ನಿಸಿತು?

ಈ ವರ್ಷದ ನನ್ನ ಪಟ್ಟಿಯಲ್ಲಿ ಐದೇ ಇವೆ: ಲೂಕನ ಎರಡನೇ ಅಧ್ಯಾಯ, ಕಿಟೆಲ್‌ನ ‘ಕಥಾಮಾಲೆ’, ಉತ್ತಂಗಿಯವರ ವಿನಂತಿ, ಡಿಸೋಜರ ಹತ್ತು ಮನೆಗಳು, ಚೆಕಾಫ್‌ನ ವಾಂಕಾ. ಡಿಕನ್ಸ್ ಆರನೆಯವನಾಗಿ ಬರಲಿ, ಬೇಡ ಎನ್ನುವುದಿಲ್ಲ. ನಿಮ್ಮ ಗುಂಪಿಗೆ ಈ ಸಲ ಬರುವ ಪಟ್ಟಿಯಲ್ಲಿ ಕನ್ನಡದ ಹೆಸರು ಒಂದೂ ಕಾಣದಿದ್ದರೆ, ದಯವಿಟ್ಟು ಅದನ್ನು ಹಾಗೇ ಮುಂದಕ್ಕೆ ಕಳಿಸಬೇಡಿ.