ತಾನಾಗಿ ತಟ್ಟಿದ ಬಾಗಿಲು

ಕಳೆದ ಸಂಚಿಕೆ ಹೊರಬಂದ ನಂತರ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಎರಡು ತಿಂಗಳು ಎಲ್ಲಿಯೂ ಕಾಣಿಸಿಕೊಳ್ಳಲಿಲ್ಲ. ವಿಚಾರಿಸಿದವರಿಗೆಲ್ಲ 'ಊರಿಗೆ ಹೋಗಿದ್ದಾರೆ' ಎಂದು ಉತ್ತರಿಸಿದವನು ನಾನೇ. ವಾಸ್ತವವಾಗಿ ಅವರು ತಾವಾಗಿಯೇ ಮನೋರೋಗ ಚಿಕಿತ್ಸಾಲಯವೊಂದಕ್ಕೆ ಹೋಗಿ ದಾಖಲಾಗಿದ್ದರು. ಮರಳಿ ಬಂದವರು ಕೇಳಿದ ಮೊದಲ ಪ್ರಶ್ನೆ: "ಹೃದಯದ ಶಸ್ತ್ರಚಿಕಿತ್ಸೆಗೆ ಹೋಗಿದ್ದರೂ ಹೀಗೆಯೇ ಹೇಳುತ್ತಿದ್ದಿರಾ ಸ್ವಾಮಿ?" ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮನಸ್ಸಿನ ಕಾಯಿಲೆಯ ಚಿಂತನೆ ಕೋಲ್ಕತ್ತಕ್ಕೆ ಹೊಸದಲ್ಲ. ಗಿರೀಂದ್ರಶೇಖರ ಬೋಸರು ೧೯೨೨ರಲ್ಲಿ ಇಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ೧೯೪೦ರಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆ ಆರಂಭವಾಯಿತು. ಆದರೂ ನಮ್ಮ ನಾಲಗೆಯಲ್ಲಿ ಇಂದಿಗೂ ಉಳಿದಿರುವುದು 'ಹುಚ್ಚಾಸ್ಪತ್ರೆ' ಎಂಬ ಮಾತೇ. ಒಳಗೆ ಹೋದವರು ಹೊರಬರಲಾರರೆಂಬ ಭಯವೂ ಅದರೊಡನೆ ಉಳಿದಿದೆ.

ಕಾನೂನು ಹೇಳುವುದೇ ಬೇರೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ತನ್ನ ಚಿಕಿತ್ಸೆಯ ಕುರಿತು ತಾನೇ ನಿರ್ಧರಿಸಬಲ್ಲ ವಯಸ್ಕನು ಸ್ವಂತ ಕೋರಿಕೆಯ ಮೇಲೆ ದಾಖಲಾಗಬಹುದು. ಅದಕ್ಕೆ ಬಂಧುಗಳ ಸಮ್ಮತಿ ಬೇಕಿಲ್ಲ. ಅವನ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಚಿಕಿತ್ಸೆ ನೀಡುವಂತಿಲ್ಲ. ಹೊರಡುತ್ತೇನೆಂದರೆ ಬಿಡಬೇಕು, ಅಪಾಯದ ಶಂಕೆಯಂಥ ನಿರ್ದಿಷ್ಟ ಕಾರಣಗಳಿದ್ದಲ್ಲಿ ಮಾತ್ರ ವೈದ್ಯರು ಪರಿಶೀಲನೆಗಾಗಿ ೨೪ ಗಂಟೆಗಳವರೆಗೆ ತಡೆಯಬಹುದು.

ಹೊರನಾಡಿಗರಾದ ನಮಗೆ ಇನ್ನೊಂದು ತೊಡಕೂ ಇದೆ. ಲೇಕ್ ಮಾರ್ಕೆಟ್ಟಿನಲ್ಲಿ ಬಂಗಾಳಿಯಲ್ಲಿ ಚೌಕಾಸಿ ಮಾಡುವವರು, ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವವರು ಕೂಡ ನಿದ್ದೆ ಬಾರದ ರಾತ್ರಿಯ ಕಳವಳವನ್ನು ಹೇಳಬೇಕಾದಾಗ ತಾಯ್ನುಡಿಗೇ ಮರಳುತ್ತಾರೆ. ನಮ್ಮ ಮಿತ್ರರು ಮೊದಲ ದಿನ ವೈದ್ಯರೆದುರು ಬಹಳ ಹೊತ್ತು ತಡಕಾಡಿದ್ದು 'ಬೇಸರ' ಎಂಬ ಒಂದು ಪದಕ್ಕಾಗಿಯಂತೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ದೂರವಾಣಿ ಸೇವೆಯ (೧೪೪೧೬) ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು, ಕನ್ನಡದ ಸಂಕಟವನ್ನು ಬಂಗಾಳಿಯಲ್ಲಿ ತಿಳಿಸಿಕೊಡಲು ಜೊತೆಯವರೇ ಬೇಕು.

ಸಂಘಗಳು ನಾಟಕಕ್ಕೆ, ರಾಜ್ಯೋತ್ಸವಕ್ಕೆ ಜನರನ್ನು ಕೂಡಿಸುತ್ತವೆ. ಇಂಥ ಜೊತೆಗಾರಿಕೆಗೂ ಇಬ್ಬರು ಮೂವರನ್ನು ಸಿದ್ಧಗೊಳಿಸಲಾರೆವೇ? ದಾಖಲಾದವರ ಮನೆಗೆ ಊಟ ತಲುಪಿಸುವುದು, ಕೇಳಿದ ಗುಟ್ಟನ್ನು ಕಾಯುವುದು, ಮರಳಿದವರಿಗೆ ಸಮಿತಿಯಲ್ಲಿ ಅವರ ಕುರ್ಚಿಯನ್ನು ಉಳಿಸಿಟ್ಟಿರುವುದು: ಇವು ಯಾವುದಕ್ಕೂ ದೊಡ್ಡ ನಿಧಿ ಬೇಕಿಲ್ಲ.

ಕಾಯಿಲೆಯ ವಿಷಯವನ್ನು ಹೇಳುವುದು, ಬಿಡುವುದು ಅವರವರ ಇಚ್ಛೆಗೆ ಸೇರಿದ್ದು. ನಾಚಿಕೆಯಿಂದ ಸುಳ್ಳು ಹೇಳಬೇಕಾದ ಸ್ಥಿತಿಯನ್ನು ಇಲ್ಲವಾಗಿಸುವುದು ನಮ್ಮೆಲ್ಲರಿಗೆ ಸೇರಿದ್ದು. ಆ ಕೆಲಸವನ್ನು ಈ ಪುಟದಲ್ಲಿ ನನ್ನ ತಪ್ಪೊಪ್ಪಿಗೆಯಿಂದಲೇ ಆರಂಭಿಸಿದ್ದೇನೆ.