"ಮೀನು ಇದೆಯಲ್ಲಾ!" ಅನ್ನುವವರಿಗೆ



ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎದ್ದಾಗಲೆಲ್ಲ ವಾಟ್ಸಾಪಿನಲ್ಲಿ ಫೋಟೊ ಓಡಾಡುತ್ತದೆ. ಎರಡು ದಿನ ಮಾತು. ಆಮೇಲೆ ಯಾರೋ ಹಿರಿಯರು, "ನೀರು ಅಷ್ಟು ಕೆಟ್ಟಿದ್ದರೆ ಅದರಲ್ಲಿ ಮೀನು ಇರ್ತಿತ್ತೇನಪ್ಪಾ?" ಅಂದುಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಹಿರಿಯರ ಮೇಲೆ ಗೌರವವಿದೆ, ಆದರೆ ಈ ಮಾತನ್ನು ನಾವು ಒಪ್ಪುವುದಿಲ್ಲ.

ಯಾವ ಮೀನು ಸ್ವಾಮೀ? ಕೊಳಚೆ ನೀರನ್ನು ತಡೆದುಕೊಳ್ಳುವುದು ಜಿಲೇಬಿ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್. ಎರಡೂ ಹೊರಗಿನಿಂದ ಬಂದವು. ಕ್ಯಾಟ್‌ಫಿಶ್ ನೀರಿನ ಮೇಲೆ ಬಾಯಿ ಎತ್ತಿ ಗಾಳಿಯನ್ನೇ ಉಸಿರಾಡಬಲ್ಲದು. ಅದನ್ನು ಸಾಕುವುದಕ್ಕೇ ನಮ್ಮ ದೇಶದಲ್ಲಿ ನಿಷೇಧವಿದೆ. ಅದು ಬದುಕಿದೆ ಅಂದರೆ ನೀರು ಚೆನ್ನಾಗಿದೆ ಎಂದಲ್ಲ. ಪಕ್ಕೆ, ಸಸಲಿನಂಥ ಬೆರಳುದ್ದದ ಮೀನುಗಳಿಗೆ ಆ ಅನುಕೂಲ ಇಲ್ಲ. ಅವು ಕಿವಿರನ್ನೇ ನಂಬಿವೆ.

ಕಿವಿರಿನ ಮೇಲೇ ಪೆಟ್ಟು ಬೀಳುವುದು. ನೊರೆ ಎಬ್ಬಿಸುವ ಡಿಟರ್ಜೆಂಟ್ ರಾಸಾಯನಿಕ ಕಿವಿರಿನ ಲೋಳೆಯನ್ನೂ ತೆಳು ಪದರವನ್ನೂ ಹಾಳು ಮಾಡುತ್ತದೆ, ಆಮ್ಲಜನಕ ಒಳಗೆ ಹೋಗುವುದಿಲ್ಲ. ಕೊಳಚೆಯ ಅಮೋನಿಯ, ನೀರು ಕ್ಷಾರವಾದಷ್ಟೂ ಹೆಚ್ಚು ವಿಷವಾಗುತ್ತದೆ. ತಾಮ್ರದಂಥ ಲೋಹ ಸ್ವಲ್ಪ ಇದ್ದರೂ ಮೀನಿನ ವಾಸನೆಯ ಶಕ್ತಿ ಕುಂದುತ್ತದೆ. ಆಹಾರವೂ ತಿಳಿಯದು, ಶತ್ರುವೂ ತಿಳಿಯದು. ಬಟ್ಟೆ ಸಂಸ್ಕರಣೆಯಲ್ಲಿ ಬಳಸುವ ಕೆಲವು ರಾಸಾಯನಿಕಗಳಿಂದ ಹುಟ್ಟುವ ನೋನೈಲ್‌ಫಿನಾಲ್ ಹೆಣ್ಣು ಹಾರ್ಮೋನಿನಂತೆ ವರ್ತಿಸಿ, ಗಂಡು ಮೀನಿನ ದೇಹದಲ್ಲಿ ಮೊಟ್ಟೆಯ ಪ್ರೋಟೀನ್ ಹುಟ್ಟಿಸುತ್ತದೆ. ಇಂಥ ಮೀನು ಸತ್ತು ತೇಲುವುದಿಲ್ಲ, ಫೋಟೊಗೂ ಸಿಗುವುದಿಲ್ಲ. ಮರಿ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ.

ಪ್ರಯೋಗಾಲಯದಲ್ಲಿ ವಿಷವನ್ನು ಅಳೆಯುವ ಹಳೆಯ ಕ್ರಮವೊಂದಿದೆ: 96 ಗಂಟೆಯಲ್ಲಿ ಅರ್ಧದಷ್ಟು ಮೀನು ಸಾಯಲು ಎಷ್ಟು ಬೇಕು? ಬಿಎಸ್ಸಿಯಲ್ಲಿ ನಾವೂ ಅದನ್ನು ಓದಿ ಅಂಕ ತೆಗೆದುಕೊಂಡವರೇ. ಐದನೇ ದಿನ ಬದುಕಿದ್ದೂ ಮೊಟ್ಟೆ ಇಡದ ಮೀನನ್ನು ಆ ಲೆಕ್ಕದಲ್ಲಿ ಎಲ್ಲಿ ಬರೆಯುವುದು ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಇನ್ನು ಗಡಿಯ ಜಗಳ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ಬೆಳ್ಳಂದೂರು, ವರ್ತೂರು ಕೆರೆಗಳ ನೀರನ್ನೂ ಸೇರಿಸಿಕೊಂಡು ನಮ್ಮಲ್ಲಿ ತೆನ್‌ಪೆಣ್ಣೈ ಆಗುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿತ್ತು. ಹಾಗಾಗಿ ತಪ್ಪೆಲ್ಲ ಬೆಂಗಳೂರಿನದು ಅಂದುಬಿಡುವುದು ನಮಗೆ ಸುಲಭ. ಹೊಸೂರಿನ ಕಾರ್ಖಾನೆಗಳಲ್ಲಿ ಸಂಬಳ ತೆಗೆದುಕೊಳ್ಳುವವರೂ ನಾವೇ, ಮನೆಯಲ್ಲಿ ಸೋಪಿನ ಪುಡಿ ಎರಡು ಹಿಡಿ ಸುರಿಯುವವರೂ ನಾವೇ. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಟ್ಟು ಮೀನು ಕೊಳ್ಳುವಾಗ ಅದು ಯಾವ ನೀರಿನದೆಂದು ಕೇಳುತ್ತೇವಾ?

ನಾವು ಕೇಳುವುದು ಇಷ್ಟು: ಅಣೆಕಟ್ಟಿನ ನೀರಿನ ಆಮ್ಲಜನಕ, ಅಮೋನಿಯ, ಡಿಟರ್ಜೆಂಟ್ ಪ್ರಮಾಣವನ್ನು ಅಲ್ಲಿಯೇ ಬೋರ್ಡಿನಲ್ಲಿ, ತಮಿಳಿನಲ್ಲೂ ಕನ್ನಡದಲ್ಲೂ ತೆಲುಗಿನಲ್ಲೂ, ವಾರವಾರ ಬರೆಯಲಿ. ಮೀನಿನ ಲೆಕ್ಕ ತೆಗೆಯುವಾಗ ಕೆಜಿ ತೂಗಿ ಬಿಡುವುದು ಬೇಡ. ಪಕ್ಕೆ ಎಷ್ಟು, ಸಸಲು ಎಷ್ಟು, ಅದರ ಮರಿ ಎಷ್ಟು ಎಂದು ಎಣಿಸಲಿ. ಮನವಿ ಬರೆದಾಗಿದೆ. ಭಾನುವಾರ ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ಇರುತ್ತೇವೆ. ಸಹಿ ಹಾಕಿ ಹೋಗಿ. "ಮೀನು ಇದೆಯಲ್ಲಾ" ಅನ್ನುವವರೂ ಬನ್ನಿ.