ಮೀನು ಹಿಡಿಯುವುದೆಲ್ಲವೂ ಒಂದೇ ಅಲ್ಲ



ಮೀನು ಹಿಡಿಯುವ ವಿಚಾರದಲ್ಲಿ ಎರಡು ಮಾತುಗಳನ್ನು ನಾನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. 'ಜೀವ ತೆಗೆಯುವುದು ತಾನೇ? ಗಾಳವಾದರೇನು, ಸಿಡಿಮದ್ದಾದರೇನು?' ಎಂಬುದು ಸಾತ್ವಿಕರ ಮಾತು. 'ಹೊಳೆ ನಮ್ಮದು, ಹೇಗೆ ಹಿಡಿದರೆ ಯಾರಿಗೇನು?' ಎಂಬುದು ಭಂಡರ ಮಾತು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವೆನಿಸಿದರೂ ಎರಡರ ಫಲವೂ ಒಂದೇ. ಸಾಧನ ಸಾಧನಗಳ ನಡುವಣ ಭೇದವನ್ನು ಎರಡೂ ಅಳಿಸಿಹಾಕುತ್ತವೆ. ಆ ಭೇದದಲ್ಲಿಯೇ ಧರ್ಮಾಧರ್ಮದ ವಿವೇಚನೆ ಅಡಗಿದೆ ಎಂಬುದು ನನ್ನ ವಾದ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಅರ್ಕಾವತಿ, ಕಣ್ವ, ಶಿಂಷಾ ಹರಿಯುತ್ತವೆ, ಮಂಚನಬೆಲೆ, ಕಣ್ವ, ಹಾರೋಬೆಲೆ ಜಲಾಶಯಗಳಿವೆ, ಊರೂರಿಗೂ ಕೆರೆಗಳಿವೆ, ಸಂಗಮದಲ್ಲಿ ಕಾವೇರಿಯೇ ಇದ್ದಾಳೆ. ನೀರಿಗೆ ತಕ್ಕ ಸಾಧನವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಎರೆಹುಳುವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿದ ಗಾಳ ಒಂದು ಸಲಕ್ಕೆ ಒಂದೇ ಮೀನನ್ನು ಹಿಡಿಯುತ್ತದೆ. ಬಿದಿರ ಸೀಳುಗಳಿಂದ ಹೆಣೆದ ಕೂಳಿಯೊಳಗೆ ಹೊಕ್ಕ ಮೀನು ಹೊರಬರಲಾರದು, ಆದರೆ ಜೀವಂತವಾಗಿರುತ್ತದೆ. ಬೇಡವಾದ ಮರಿಯನ್ನು ಮರಳಿ ನೀರಿಗೆ ಬಿಡಬಹುದು. ಅಂಚಿಗೆ ಸೀಸದ ಗುಂಡು ಪೋಣಿಸಿದ ಬೀಸುಬಲೆ ಛತ್ರಿಯಂತೆ ಬಿಚ್ಚಿ ಬೀಳುತ್ತದೆ. ಅದರ ಕಣ್ಣು ದೊಡ್ಡದಿದ್ದರೆ ಮರಿಗಳು ನುಸುಳಿ ಪಾರಾಗುತ್ತವೆ. ಹರಿಗೋಲಿನಲ್ಲಿ ಹೋಗಿ ಗೋಡೆಯಂತೆ ಇಳಿಬಿಡುವ ಬಲೆಯಲ್ಲಿ ಮೀನಿನ ಕಿವಿರು ಸಿಕ್ಕಿಕೊಳ್ಳುತ್ತದೆ. ಅಲ್ಲಿಯೂ ಯಾವ ಗಾತ್ರದ ಮೀನು ಸಾಯಬೇಕೆಂಬುದನ್ನು ಬಲೆಯ ಕಣ್ಣೇ ನಿರ್ಧರಿಸುತ್ತದೆ. 'ಬಲೆಯ ಕಣ್ಣು' ಎಂಬ ನಮ್ಮ ನುಡಿಯನ್ನು ಗಮನಿಸಿ. ಕಣ್ಣಿರುವ ಸಾಧನ ಆಯ್ದುಕೊಳ್ಳಬಲ್ಲದು.

ಸಿಡಿಮದ್ದಿಗೆ ಕಣ್ಣಿಲ್ಲ. ನೀರಿನೊಳಗಿನ ಸ್ಫೋಟಕ್ಕೆ ಮೀನಿನ ಒಡಲೊಳಗಿನ ಗಾಳಿಚೀಲ ಒಡೆಯುತ್ತದೆ. ತೇಲಿದ್ದಷ್ಟೇ ಹಿಡಿದವನ ಪಾಲು. ಸತ್ತು ತಳ ಸೇರಿದ್ದು ಯಾರ ಲೆಕ್ಕಕ್ಕೂ ಬಾರದು. ಮರಿ, ಮೊಟ್ಟೆ, ಮೀನಿಗೆ ಆಹಾರವಾಗುವ ಹುಳುಹುಪ್ಪಟೆ ಎಲ್ಲವೂ ನಾಶ. ವಿಷ ಕಲಸುವುದೂ ಹಾಗೆಯೇ. ಸೊಳ್ಳೆಪರದೆಯನ್ನು ಬಲೆಯಾಗಿ ಎಳೆಯುವುದು ಅದರ ತಮ್ಮ. ಸ್ಫೋಟಕ ಮತ್ತು ವಿಷದ ಬಳಕೆ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಲ್ಲಿಯೇ ಅಪರಾಧವೆನಿಸಿತ್ತು. ಕಾನೂನಿಗೆ ನಮ್ಮಲ್ಲಿ ಬರವಿಲ್ಲ, ಕಾಯುವವರಿಗೆ ಬರ.

ಕನಕಪುರ ತಾಲ್ಲೂಕಿನ ಗಾಳಿಬೋರೆಯ ಉದಾಹರಣೆಯನ್ನೇ ನೋಡಿ. ಕಾವೇರಿ ದಡದ ಅಲ್ಲಿನ ಶಿಬಿರಕ್ಕೆ ದೇಶವಿದೇಶಗಳಿಂದ ಜನ ಬಂದು, ಮಹಶೀರ್ ಮೀನನ್ನು ಗಾಳದಿಂದ ಹಿಡಿದು, ತೂಗಿ, ಬರೆದಿಟ್ಟು, ಮರಳಿ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳಿಂದಲೇ ವಿಜ್ಞಾನಿಗಳು ಒಂದು ಕಹಿಸತ್ಯವನ್ನು ಅರಿತರು: ಕಾವೇರಿ ಕಣಿವೆಗೇ ಸೀಮಿತವಾದ, ಐವತ್ತು ಕಿಲೋ ಮೀರಿ ಬೆಳೆಯಬಲ್ಲ ಡುಬ್ಬದ ಮಹಶೀರ್ ಕಣ್ಮರೆಯಾಗುತ್ತಿದೆ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ, ಅತಿ ಹೆಚ್ಚು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ತಪ್ಪು ಮದ್ದೊಂದರದೇ ಎಂದು ನಾನು ಹೇಳಲಾರೆ. ಹೊರಗಿನಿಂದ ತಂದು ಬಿಟ್ಟ ಬೇರೊಂದು ಜಾತಿಯ ಮಹಶೀರ್, ಅಣೆಕಟ್ಟುಗಳು, ಮರಳು ಗಣಿಗಾರಿಕೆ ಇವೂ ಪಾಲುದಾರರೇ. ಆದರೆ ವನ್ಯಧಾಮದ ಕಾನೂನಿನಡಿ ಗಾಳದವರು ಹೊರಟುಹೋದ ಮೇಲೆ ಆ ಲೆಕ್ಕದ ಪುಸ್ತಕವೂ ಮುಚ್ಚಿತು. ಹಗಲಲ್ಲಿ ಹಿಡಿದು ಬಿಡುವವನನ್ನು ತಡೆಯುವುದು ಸುಲಭ. ರಾತ್ರಿ ಮದ್ದು ಎಸೆಯುವವನನ್ನು ಹಿಡಿಯುವುದು ಕಷ್ಟ. ಸುಲಭವಾದುದನ್ನಷ್ಟೇ ಮಾಡಿ ಕೈತೊಳೆದುಕೊಳ್ಳುವುದು ಸಂರಕ್ಷಣೆಯೆನಿಸದು.

'ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು ತಂದು ಬೈರಮಂಗಲ ಕೆರೆಗೆ ಸುರಿಯುತ್ತಿರುವಾಗ ಬಡವನ ಬಲೆಯ ಕಣ್ಣನ್ನು ಅಳೆಯುವುದು ನ್ಯಾಯವೇ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಸಾಧುವಾದುದೇ. ಕೊಳಚೆಯ ಪಾಪ ದೊಡ್ಡದು. ಅದರ ವಿರುದ್ಧವೂ ದನಿಯೆತ್ತಬೇಕು. ಆದರೆ ನೆರೆಯವನು ಮನೆಗೆ ಬೆಂಕಿಯಿಟ್ಟನೆಂದು ಉಳಿದ ತೊಲೆಯನ್ನು ನಾವೇ ಸುಡುವುದುಂಟೇ? ಮೇಲಾಗಿ, ಕೆರೆ ಬರಿದಾದಾಗ ಮೊದಲು ಹಸಿಯುವವನು ಬಲೆ ಹೆಣೆದು ಬದುಕುವ ಬೆಸ್ತನೇ ಹೊರತು ಮದ್ದು ಮಾರಿದವನಲ್ಲ.

ನಿಮ್ಮಲ್ಲಿ ಅನೇಕರು ಇಂದು ಪಂಚಾಯಿತಿ ಸದಸ್ಯರು, ಅಧಿಕಾರಿಗಳು, ಸಹಕಾರ ಸಂಘಗಳ ನಿರ್ದೇಶಕರು. ಕೆರೆಯ ಮೀನು ಹರಾಜಿಗೆ ಬಂದಾಗ ಹಣದ ಮೊತ್ತವೊಂದನ್ನೇ ನೋಡಬೇಡಿ. ಬಲೆಯ ಕಣ್ಣಿನ ಅಳತೆಯನ್ನೂ ಕರಾರಿಗೆ ಸೇರಿಸಿ. ಮುಂಗಾರಿನಲ್ಲಿ ಮೀನು ಮೊಟ್ಟೆಯಿಡುವ ಕಾಲದಲ್ಲಿ ನೀರಿಗೆ ಬಿಡುವು ಕೊಡಿ. ಸಿಡಿಮದ್ದಿನವನು ನಿಮ್ಮ ಜಾತಿಯವನಾದರೂ, ಪಕ್ಷದವನಾದರೂ ಠಾಣೆಯಿಂದ ಬಿಡಿಸಿಕೊಂಡು ಬರಲು ಹೋಗಬೇಡಿ. ಮೀನು ತಿನ್ನುವವರಿಗೂ ತಿನ್ನದವರಿಗೂ ಈ ಮೂರು ಮಾತು ಸಮಾನವಾಗಿ ಅನ್ವಯಿಸುತ್ತವೆ.